ಚಿಲಕವಿಲ್ಲದ ಬಾಗಿಲು

(ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಕನ್ನಡಿಗರ ಸಂಜೆ ಕೂಟವೊಂದರಲ್ಲಿ ಸೂಪರ್‌ವೈಸರಿ ಕಂಟ್ರೋಲ್ ಎಂಬ ಸಿದ್ಧಾಂತದ ಬಗ್ಗೆ ಆಡಿದ ಮಾತುಗಳ ಬರಹ ರೂಪ. ಬೋರ್ಡಿನ ಮೇಲೆ ಬಿಡಿಸಿದ ಚಿತ್ರಗಳನ್ನು ಇಲ್ಲಿ ಮಾತಿನಲ್ಲೇ ಹೇಳಬೇಕಾಯಿತು. ಹಾಗಾಗಿ ಕೆಲವೆಡೆ ಹಿಗ್ಗಿಸಿದ್ದೇನೆ, ಕೆಲವೆಡೆ ಕತ್ತರಿಸಿದ್ದೇನೆ.)

ಐದು ಕೋಣೆಗಳ ಒಂದು ಮನೆ. ಒಂದು ಕೋಣೆಯಲ್ಲಿ ಬೆಕ್ಕು, ಇನ್ನೊಂದರಲ್ಲಿ ಇಲಿ. ಕೋಣೆಯಿಂದ ಕೋಣೆಗೆ ಬಾಗಿಲುಗಳಿವೆ. ಕೆಲವು ಬೆಕ್ಕಿಗೆ ಮಾತ್ರ, ಕೆಲವು ಇಲಿಗೆ ಮಾತ್ರ. ನಿಮಗಿರುವ ಅಧಿಕಾರ ಒಂದೇ: ಬಾಗಿಲು ಹಾಕುವುದು, ತೆಗೆಯುವುದು. ಬೆಕ್ಕನ್ನು ಎತ್ತಿಕೊಂಡು ಹೋಗಿ ಬೇರೆ ಕಡೆ ಬಿಡುವಂತಿಲ್ಲ, ಇಲಿಯನ್ನು ಹುಶ್ ಎಂದು ಅಟ್ಟುವಂತಿಲ್ಲ. ಎರಡೂ ಎಂದಿಗೂ ಒಂದೇ ಕೋಣೆಯಲ್ಲಿ ಸೇರಬಾರದು. ಹಾಗಂತ ಎಲ್ಲ ಬಾಗಿಲೂ ಜಡಿದು ಕೈತೊಳೆದುಕೊಳ್ಳುವಂತೆಯೂ ಇಲ್ಲ. ಎಲ್ಲೇ ಇದ್ದರೂ ತಮ್ಮ ಮೊದಲಿನ ಕೋಣೆಗೆ ಮರಳುವ ದಾರಿ ಅವಕ್ಕೆ ಉಳಿದಿರಬೇಕು, ಓಡಾಟಕ್ಕೆ ಆದಷ್ಟು ಬಿಡುವೂ ಇರಬೇಕು.

ಇಷ್ಟೇ ಆಗಿದ್ದರೆ ಮಕ್ಕಳಾಟ. ತೊಡಕು ಇರುವುದು ಬೆಕ್ಕಿನ ಏಳನೇ ಬಾಗಿಲಲ್ಲಿ. ಅದಕ್ಕೆ ಚಿಲಕವೇ ಇಲ್ಲ. ಬೆಕ್ಕು ಮನಸ್ಸು ಬಂದಾಗ ಆಚೆ ಹೋಗುತ್ತದೆ, ಈಚೆ ಬರುತ್ತದೆ.

ಈಗ ನೋಡಿ. ಆ ಬಾಗಿಲಿನ ಆಚೆ ಕೋಣೆಯಲ್ಲಿ ಇಲಿ ಕೂತಿದೆ. ಬೆಕ್ಕು ಈಚೆ ಕೋಣೆಗೆ ಬಂತು. ಇನ್ನೂ ಏನೂ ಆಗಿಲ್ಲ. ಎರಡೂ ಬೇರೆ ಬೇರೆ ಕೋಣೆಯಲ್ಲಿವೆ, ಯಾವ ನಿಯಮವೂ ಮುರಿದಿಲ್ಲ, ಟೆಸ್ಟ್ ಬರೆದಿದ್ದರೆ ಹಸಿರು ಗುರುತೇ ಬರುತ್ತಿತ್ತು. ಆದರೆ ನಿಮ್ಮ ಕೈಯಿಂದ ಆಟ ಜಾರಿಹೋಗಿದೆ. ಇಲಿ ತಾನಾಗಿ ಎದ್ದು ಬೇರೆಡೆ ಹೋದರೆ ಅದು ಇಲಿಯ ಅದೃಷ್ಟ, ನಿಮ್ಮ ಜಾಣತನವಲ್ಲ. ಬೆಕ್ಕು ಇಲಿಯ ಕೋಣೆಗೆ ನುಗ್ಗುವುದನ್ನು ತಡೆಯಲು ಆಗದು; ಅದಕ್ಕೆ ಒಂದು ಹೆಜ್ಜೆ ಮೊದಲೇ, ಬೆಕ್ಕು ಈಚೆ ಕೋಣೆಗೆ ಬರುವ ಬಾಗಿಲನ್ನೇ ಹಾಕಿರಬೇಕಿತ್ತು.

ಈ ಒಗಟನ್ನು ಕಟ್ಟಿದವರು ಟೊರಾಂಟೊ ವಿಶ್ವವಿದ್ಯಾಲಯದ ಮರ್ರೇ ವಾನಮ್ ಮತ್ತು ಅಲ್ಲಿ ಅವರ ವಿದ್ಯಾರ್ಥಿಯಾಗಿದ್ದ ಪೀಟರ್ ರಾಮಡ್ಜ್. 1980ರ ದಶಕದಲ್ಲಿ ಇಬ್ಬರೂ ಸೇರಿ ಸೂಪರ್‌ವೈಸರಿ ಕಂಟ್ರೋಲ್ ಸಿದ್ಧಾಂತ ಕಟ್ಟಿದರು. ಅದರ ಮುಖ್ಯ ಲೇಖನಗಳು 1987ರಲ್ಲೂ 1989ರಲ್ಲೂ ಬಂದವು. ವಾನಮ್ ಅದಕ್ಕೂ ಮೊದಲೇ ಕಂಟ್ರೋಲ್ ಎಂಜಿನಿಯರಿಂಗ್‌ನ ಹಳೆಯ, ಗಟ್ಟಿ ನೆಲದಲ್ಲಿ ಹೆಸರು ಮಾಡಿದ್ದವರು. ವೇಗ, ಉಷ್ಣತೆ, ಒತ್ತಡದಂಥ ನಿರಂತರವಾಗಿ ಏರಿಳಿಯುವ ಸಂಗತಿಗಳನ್ನು ಹಿಡಿತದಲ್ಲಿಡುವ ಗಣಿತ ಅದು. ಹೊಸ ಸಿದ್ಧಾಂತ ಹಿಡಿದದ್ದು ಏರಿಳಿಯದ, ಒಂದೊಂದಾಗಿ ಘಟಿಸುವ ಸಂಗತಿಗಳನ್ನು. ಯಂತ್ರ ಶುರುವಾಯಿತು, ಭಾಗ ಬಂತು, ಯಂತ್ರ ಕೆಟ್ಟಿತು, ರಿಪೇರಿಯಾಯಿತು. ಇವನ್ನು ನಾನು ಬಿಡಿ ಘಟನೆಗಳು ಅನ್ನುತ್ತೇನೆ. ಅವರ ಕಣ್ಣಮುಂದೆ ಇದ್ದದ್ದು ಕಾರ್ಖಾನೆ. ನಮ್ಮ ಕಣ್ಣಮುಂದೆ ಇರುವುದು ಸಾಫ್ಟ್‌ವೇರ್. ಆದರೆ ಸಾಫ್ಟ್‌ವೇರ್‌ನಲ್ಲಿ ಬಿಡಿ ಘಟನೆಗಳನ್ನು ಬಿಟ್ಟರೆ ಬೇರೆ ಇನ್ನೇನಿದೆ ಹೇಳಿ?

ಸಿದ್ಧಾಂತದ ಮೊದಲ ಕೆಲಸವೇ ಘಟನೆಗಳನ್ನು ಎರಡು ರಾಶಿ ಮಾಡುವುದು. ತಡೆಯಬಲ್ಲವು ಒಂದು ಕಡೆ, ತಡೆಯಲಾಗದವು ಇನ್ನೊಂದು ಕಡೆ. ಯಂತ್ರ ಶುರು ಮಾಡುವುದನ್ನು ತಡೆಯಬಹುದು. ಅದು ಕೆಡುವುದನ್ನು ತಡೆಯಲಾಗದು. ನಿಯಂತ್ರಿಸಬೇಕಾದ ವ್ಯವಸ್ಥೆಗೆ ಅವರು ಪ್ಲಾಂಟ್ ಅನ್ನುತ್ತಾರೆ, ಕಾರ್ಖಾನೆಯ ವಾಸನೆ ಇನ್ನೂ ಹೋಗಿಲ್ಲ. ಅದರ ಪಕ್ಕದಲ್ಲಿ ಒಬ್ಬ ಮೇಲ್ವಿಚಾರಕ ಕೂತಿರುತ್ತಾನೆ. ನಡೆದದ್ದನ್ನೆಲ್ಲ ನೋಡುತ್ತಾ, ಈ ಕ್ಷಣ ಯಾವ ಯಾವ ತಡೆಯಬಲ್ಲ ಘಟನೆಗಳಿಗೆ ಅಡ್ಡಗೈ ಹಿಡಿಯಬೇಕು ಎಂದು ತೀರ್ಮಾನಿಸುವುದು ಅವನ ಕೆಲಸ. ಅವನು ಏನನ್ನೂ ಆಗಿಸುವುದಿಲ್ಲ. ಆಗಗೊಡದೆ ಇರಬಲ್ಲ, ಅಷ್ಟೇ. ನಮ್ಮ ಮನೆಗಳಲ್ಲಿ ಇಂಥ ಹಿರಿಯರೊಬ್ಬರು ಇದ್ದೇ ಇರುತ್ತಾರೆ, ಹೆಚ್ಚು ವಿವರಿಸಬೇಕಿಲ್ಲ.

ಮೇಲ್ವಿಚಾರಕನನ್ನು ನಾವು ಊಹಿಸಿ ಬರೆಯಬೇಕಿಲ್ಲ ಎಂಬುದು ಈ ಸಿದ್ಧಾಂತದ ದೊಡ್ಡ ಕೊಡುಗೆ. ಪ್ಲಾಂಟ್‌ನ ಚಿತ್ರ ಕೊಡಿ, ಏನಾಗಬಾರದು ಎಂಬ ನಿಯಮ ಕೊಡಿ, ಅಲ್ಗಾರಿದಮ್ ಮೇಲ್ವಿಚಾರಕನನ್ನು ಲೆಕ್ಕ ಹಾಕಿ ಕೊಡುತ್ತದೆ. ನಿಯಮ ಮುರಿಯದ, ಎಲ್ಲೂ ಸಿಕ್ಕಿಕೊಳ್ಳದ ಮೇಲ್ವಿಚಾರಕರು ಹಲವರು ಇರಬಹುದು. ಅವರೆಲ್ಲರಿಗಿಂತ ಕಡಿಮೆ ಅಡ್ಡಿ ಮಾಡುವವನು ಒಬ್ಬನೇ ಇರುತ್ತಾನೆ ಎಂದು ರಾಮಡ್ಜ್ ಮತ್ತು ವಾನಮ್ ತೋರಿಸಿದರು. ಕಡಿಮೆ ಅಡ್ಡಿ ಎಂಬ ಮಾತಿನ ಬೆಲೆ ಲಾಕ್‌ಗಳ ಜೊತೆ ಏಗಿದವರಿಗೆ ಗೊತ್ತು. ಲಾಕ್ ಎಂದರೆ ಒಂದನ್ನು ಒಬ್ಬರು ಬಳಸುವಾಗ ಮಿಕ್ಕವರನ್ನು ಕಾಯಿಸುವ ಬೀಗ. ಲಿನಕ್ಸ್‌ನಲ್ಲಿ ಮೊದಲು ಇಡೀ ಕರ್ನಲ್‌ಗೆ, ಅಂದರೆ ಆಪರೇಟಿಂಗ್ ಸಿಸ್ಟಮ್‌ನ ತಿರುಳಿಗೆ, ಒಂದು ದೊಡ್ಡ ಲಾಕ್ ಇತ್ತು. ಅದನ್ನು ಪೂರ್ತಿಯಾಗಿ ಕಿತ್ತುಹಾಕುವ ಹೊತ್ತಿಗೆ 2011 ಬಂತು. ಒಂದೇ ದೊಡ್ಡ ಲಾಕ್ ಹಾಕುವುದೆಂದರೆ ನೆಗಡಿಗೆ ಮೂಗು ಕೊಯ್ದುಕೊಂಡಂತೆ. ನೆಗಡಿ ಹೋಗುತ್ತದೆ, ಸುಳ್ಳಲ್ಲ.

ಇನ್ನು ನನ್ನದೇ ಕಥೆ. ಬಹಳ ವರ್ಷಗಳ ಹಿಂದೆ ಟಿಕೆಟ್ ಮಾರುವ ಒಂದು ಕಂಪನಿಯಲ್ಲಿದ್ದೆ. ಹೆಸರು ಬೇಡ, ಅಲ್ಲಿದ್ದವರು ಈ ಸಭೆಯಲ್ಲೂ ಇರಬಹುದು. ಗ್ರಾಹಕರು ಹಣ ಕಟ್ಟುವ ಬಟನ್ ಒತ್ತುತ್ತಾರೆ, ಕೋರಿಕೆ ಬ್ಯಾಂಕಿನ ಕಡೆಗೆ ಹೋಗುತ್ತದೆ, ನಾವು 30 ಸೆಕೆಂಡ್ ಕಾಯುತ್ತೇವೆ. ಉತ್ತರ ಬಂದರೆ ಸರಿ. ಬಾರದಿದ್ದರೆ ಟೈಮ್‌ಔಟ್, ಡೇಟಾಬೇಸಿನಲ್ಲಿ ಆ ಪಾವತಿಯ ಮುಂದೆ ವಿಫಲ ಎಂದು ಬರೆದು, ಮತ್ತೆ ಪ್ರಯತ್ನಿಸಿ ಎನ್ನುವ ಬಟನ್ ತೋರಿಸುತ್ತೇವೆ. ಒಂದು ಭಾನುವಾರ ಒಬ್ಬ ಗ್ರಾಹಕರ ಖಾತೆಯಿಂದ ಎರಡು ಸಲ ಹಣ ಹೋಯಿತು. ಮೊದಲ ಕೋರಿಕೆಗೆ ಬ್ಯಾಂಕ್ 30 ಸೆಕೆಂಡ್ ದಾಟಿದ ಮೇಲೆ ಹೂಂ ಅಂದಿತ್ತು. ಅಷ್ಟರಲ್ಲಿ ಅವರು ಬಟನ್ ಮತ್ತೆ ಒತ್ತಿದ್ದರು. ಎರಡನೆಯದಕ್ಕೂ ಬ್ಯಾಂಕ್ ಹೂಂ ಅಂದಿತು.

ನಾವು ಏನು ಮಾಡಿದೆವು? 30 ಸೆಕೆಂಡನ್ನು 60 ಮಾಡಿದೆವು. ನಗಬೇಡಿ, ನೀವೂ ಮಾಡಿದ್ದೀರಿ. ಒಂದು ತಿಂಗಳು ಎಲ್ಲ ಚೆನ್ನಾಗಿತ್ತು, ಆಮೇಲೆ ಮತ್ತೆ ಆಯಿತು. ಎರಡು ಸಲ ಯಶಸ್ಸು ಬಂದರೆ ಒಂದನ್ನು ವಾಪಸ್ ಕಳಿಸುವ ಕೋಡ್ ಬರೆದೆವು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ. ರಿಫಂಡ್ ಬರಲು ದಿನಗಟ್ಟಲೆ ಹಿಡಿಯುತ್ತಿತ್ತು, ಗ್ರಾಹಕರ ಬೈಗುಳ ಅದೇ ದಿನ ಬರುತ್ತಿತ್ತು.

ಇದನ್ನೇ ಬೆಕ್ಕು-ಇಲಿಯ ಮನೆಯಾಗಿ ನೋಡೋಣ. ಕೋರಿಕೆ ಕಳಿಸುವುದು ತಡೆಯಬಲ್ಲ ಘಟನೆ. ಬಟನ್ ನಮ್ಮದು, ಮಂಕು ಮಾಡಬಹುದು. ಬ್ಯಾಂಕಿನ ಯಶಸ್ಸು, ಬ್ಯಾಂಕಿನ ವೈಫಲ್ಯ, ಎರಡೂ ತಡೆಯಲಾಗದವು. ಟೈಮ್‌ಔಟ್? ಈ ಪ್ರಶ್ನೆಗೆ ಪ್ರತಿ ಸಲವೂ ಸಭೆ ಎರಡು ಪಾಲಾಗುತ್ತದೆ. ಟೈಮರ್ ನಾವೇ ಇಟ್ಟದ್ದಲ್ಲವೇ ಅನ್ನುತ್ತಾರೆ ಕೆಲವರು. ಟೈಮರ್ ನಮ್ಮದು, ಕಾಲ ನಮ್ಮದಲ್ಲ. 60 ಸೆಕೆಂಡ್ ಕಳೆಯುವುದನ್ನು ನಾವು ನಿಲ್ಲಿಸಲಾರೆವು. ಅದು ತಡೆಯಲಾಗದ ರಾಶಿಗೇ ಸೇರಬೇಕು.

ಆಗಬಾರದ ಸ್ಥಿತಿ: ಎರಡು ಯಶಸ್ಸು. ಅಲ್ಲಿಂದ ಹಿಂದಕ್ಕೆ ನಡೆಯಿರಿ. ಅದರ ಹಿಂದಿನ ಸ್ಥಿತಿ, ಒಂದು ಯಶಸ್ಸು ಬಂದಿದೆ, ಇನ್ನೊಂದು ಕೋರಿಕೆಗೆ ಉತ್ತರ ಬಾಕಿ ಇದೆ. ಇಲ್ಲಿಂದ ಕೆಟ್ಟದ್ದಕ್ಕೆ ಹೋಗುವ ಘಟನೆ ಬ್ಯಾಂಕಿನ ಯಶಸ್ಸು, ತಡೆಯಲಾಗದು. ಹಾಗಾದರೆ ಇದೂ ಕೆಟ್ಟ ಸ್ಥಿತಿಯೇ, ಕಪ್ಪು ಬಳಿಯಿರಿ. ಅದಕ್ಕೂ ಹಿಂದೆ, ಎರಡೂ ಕೋರಿಕೆಗಳು ಬಾಕಿ. ಇಲ್ಲಿಂದ ಮುಂದಕ್ಕೂ ಬ್ಯಾಂಕಿನ ಯಶಸ್ಸೇ ಒಯ್ಯುತ್ತದೆ. ಇದಕ್ಕೂ ಕಪ್ಪು. ಅದಕ್ಕೂ ಹಿಂದೆ, ಮೊದಲ ಕೋರಿಕೆ ಟೈಮ್‌ಔಟ್ ಆಗಿದೆ, ಎರಡನೆಯದು ಇನ್ನೂ ಹೊರಟಿಲ್ಲ. ಇಲ್ಲಿಂದ ಕಪ್ಪಿಗೆ ಹೋಗುವ ಘಟನೆ ಕಳಿಸುವುದು. ಇದು ತಡೆಯಬಲ್ಲದು! ಇಲ್ಲಿ ಕತ್ತರಿಸಿ. ಅಂದರೆ ತಪ್ಪು ನಡೆದದ್ದು ಎರಡನೇ ಯಶಸ್ಸು ಬಂದಾಗಲ್ಲ. ಅದಕ್ಕೆ ಮೂರು ಹೆಜ್ಜೆ ಹಿಂದೆ, ಮತ್ತೆ ಪ್ರಯತ್ನಿಸಿ ಬಟನ್ ಹಸಿರಾದಾಗ. ನಾವು ನಾಲ್ಕು ದಿನ ಲಾಗ್ ಕೆದಕಿದ್ದು ಕೊನೆಯ ಹೆಜ್ಜೆಯಲ್ಲಿ.

ಇದು ಅರ್ಧ ಮಾತ್ರ. ಇನ್ನರ್ಧ ಸಿಕ್ಕಿಕೊಳ್ಳದಿರುವುದು. ಪ್ರತಿ ಆರ್ಡರ್ ಮುಗಿದದ್ದು ಎಂದು ಹೇಳಬಹುದಾದ ಸ್ಥಿತಿಗಳನ್ನು ಗುರುತು ಹಾಕಬೇಕು: ಟಿಕೆಟ್ ಸಿಕ್ಕಿದೆ, ಅಥವಾ ಹಣ ಹೋಗದೆ ವಿಷಯ ಮುಗಿದಿದೆ. ಎಲ್ಲಿಂದಲಾದರೂ ಇಂಥ ಒಂದು ಸ್ಥಿತಿಗೆ ದಾರಿ ಇರಬೇಕು. ಈಗ ಮಾದರಿಗೆ ಇನ್ನೊಂದು ಘಟನೆ ಸೇರಿಸಿ: ಬ್ಯಾಂಕಿನ ಉತ್ತರ ದಾರಿಯಲ್ಲೇ ಕಳೆದುಹೋಯಿತು. ತಡೆಯಲಾಗದು, ನೆಟ್‌ವರ್ಕ್ ಎಂದ ಮೇಲೆ ಇದ್ದದ್ದೇ. ಆಮೇಲೆ ಮೌನ. ಮತ್ತೆ ಕಳಿಸುವುದನ್ನು ನಾವೇ ತಡೆದಿದ್ದೇವೆ, ಉತ್ತರ ಎಂದಿಗೂ ಬಾರದು. ಸಿಕ್ಕಿಕೊಂಡೆವು. ಸಿಕ್ಕಿಕೊಳ್ಳುವ ಸ್ಥಿತಿಯೂ ಕಪ್ಪೇ. ಅದರ ಹಿಂದಿನದು? ತಡೆಯಲಾಗದ ಘಟನೆಯಿಂದ ಬಂದದ್ದು, ಅದೂ ಕಪ್ಪು. ಹೀಗೆ ಹಿಂದಕ್ಕೆ ಹಿಂದಕ್ಕೆ ಕಪ್ಪು ಹರಡುತ್ತಾ ಮೊಟ್ಟಮೊದಲ ಬಟನ್‌ಗೆ ಬಂದು ನಿಲ್ಲುತ್ತದೆ. ಆಗ ಅಲ್ಗಾರಿದಮ್ ಕೊಡುವ ಮೇಲ್ವಿಚಾರಕ ಹೇಳುವುದು ಇಷ್ಟೇ: ಯಾರಿಂದಲೂ ಹಣ ತೆಗೆದುಕೊಳ್ಳಬೇಡಿ, ಅಂಗಡಿ ಮುಚ್ಚಿ.

ಇಂಥ ಉತ್ತರ ಮೊದಲ ಸಲ ನೋಡಿದಾಗ ಟೂಲ್ ಕೆಟ್ಟಿದೆ ಅಂದುಕೊಂಡೆ. ಇನ್‌ಪುಟ್ ಫೈಲನ್ನು ಮೂರು ಸಲ ಓದಿದೆ. ಆಮೇಲೆ ಅರ್ಥವಾಯಿತು, ಅದು ನಿಜ ಹೇಳುತ್ತಿದೆ. ನಮ್ಮ ಕೈಗೆ ಕೊಟ್ಟಿರುವ ಬಾಗಿಲುಗಳಿಂದ ಈ ಮನೆಯನ್ನು ಕಾಯಲು ಸಾಧ್ಯವೇ ಇಲ್ಲ. ಎಷ್ಟೇ ಜಾಣ ಕೋಡ್ ಬರೆದರೂ ಸಾಧ್ಯವಿಲ್ಲ. ಮನೆಯನ್ನೇ ಬದಲಾಯಿಸಬೇಕು.

ಮನೆ ಬದಲಾಯಿಸುವುದಕ್ಕೆ ಎರಡು ದಾರಿಗಳಿವೆ, ಎರಡೂ ನಿಮಗೆ ಗೊತ್ತಿರುವಂಥವೇ. ಒಂದು, ಹೋದ ಕೋರಿಕೆ ಏನಾಯಿತು ಎಂದು ಬ್ಯಾಂಕನ್ನು ವಿಚಾರಿಸುವ ಹೊಸ ಘಟನೆ. ಉತ್ತರ ಸಿಗುವ ತನಕ ಎಷ್ಟು ಸಲ ಬೇಕಾದರೂ ಕೇಳಬಹುದು, ಕೇಳಿದ್ದರಿಂದ ಹಣ ಹೋಗುವುದಿಲ್ಲ. ಇನ್ನೊಂದು, ಒಂದು ಆರ್ಡರ್‌ಗೆ ಒಂದೇ ಗುರುತು ಸಂಖ್ಯೆ ಇಟ್ಟು, ಅದೇ ಸಂಖ್ಯೆಯ ಎರಡನೇ ಕೋರಿಕೆ ಬಂದರೆ ಹೊಸ ಪಾವತಿ ಎಂದು ಎಣಿಸಬೇಡ ಎಂದು ಬ್ಯಾಂಕಿನ ಕಡೆಯವರ ಜೊತೆ ಒಪ್ಪಂದ ಮಾಡಿಕೊಳ್ಳುವುದು. ಆಗ ಎರಡು ಯಶಸ್ಸು ಎಂಬ ಸ್ಥಿತಿಯೇ ಮನೆಯ ನಕ್ಷೆಯಿಂದ ಅಳಿಸಿಹೋಗುತ್ತದೆ. ಐಡೆಂಪೊಟೆಂಟ್, ಅಂದರೆ ಎಷ್ಟು ಸಲ ಮಾಡಿದರೂ ಒಂದೇ ಸಲ ಮಾಡಿದಂತೆ, ಎಂಬ ಪದವನ್ನು ನಾವೆಲ್ಲ ಇಂಟರ್‌ವ್ಯೂನಲ್ಲಿ ಗಿಳಿಪಾಠದಂತೆ ಒಪ್ಪಿಸಿದ್ದೇವೆ. ಅದು ಯಾಕೆ ಬೇಕು, ಎಲ್ಲಿ ಬೇಕು, ಎಲ್ಲಿ ಬೇಡ ಎಂಬುದನ್ನು ನನಗೆ ಕಲಿಸಿದ್ದು ಅಂಗಡಿ ಮುಚ್ಚಿ ಎಂದ ಆ ಮೇಲ್ವಿಚಾರಕ.

ಕಡಿದಾದ ಘಾಟಿ ರೈಲುಮಾರ್ಗಗಳಲ್ಲಿ ಕ್ಯಾಚ್ ಸೈಡಿಂಗ್ ಎಂದು ಇರುತ್ತದೆ. ಇಳಿಜಾರಿನಲ್ಲಿ ಬ್ರೇಕ್ ಕೈಕೊಟ್ಟ ಗಾಡಿಯನ್ನು ಪಕ್ಕಕ್ಕೆ ತಿರುಗಿಸಿ, ಮೇಲಕ್ಕೆ ಏರುವ ಒಂದು ಮೊಂಡು ಹಳಿಗೆ ಹತ್ತಿಸಿ ನಿಲ್ಲಿಸುವ ಏರ್ಪಾಟು. ಬ್ರೇಕ್ ತಪ್ಪುವುದನ್ನು ತಡೆಯಲಾಗದು ಎಂದು ಒಪ್ಪಿಕೊಂಡವರು ಮಾತ್ರ ಇಂಥ ಹಳಿ ಹಾಕುತ್ತಾರೆ. ಸಿಗ್ನಲ್ ಎಷ್ಟು ಹಾಕಿದರೂ ಅದು ಬ್ರೇಕ್ ಆಗುವುದಿಲ್ಲ.

ಸೂಕ್ಷ್ಮವೊಂದನ್ನು ಇಲ್ಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಆಮೇಲೆ ಯಾರಾದರೂ ಹಿಡಿಯುತ್ತಾರೆ. ಸಿಕ್ಕಿಕೊಳ್ಳದಿರುವುದು ಎಂದರೆ ಮುಗಿಯುವ ದಾರಿ ಯಾವಾಗಲೂ ಇದೆ ಎಂದಷ್ಟೇ. ಆ ದಾರಿಯನ್ನು ವ್ಯವಸ್ಥೆ ಹಿಡಿದೇ ಹಿಡಿಯುತ್ತದೆ ಎಂದಲ್ಲ. ಬ್ಯಾಂಕನ್ನು ವಿಚಾರಿಸುತ್ತಲೇ ಇರಬಹುದು, ಅದು ನೋಡುತ್ತಿದ್ದೇವೆ ಎನ್ನುತ್ತಲೇ ಇರಬಹುದು. ಗಣಿತದ ಪ್ರಕಾರ ಎಲ್ಲ ಸರಿಯಿದೆ. ಗ್ರಾಹಕರ ಪ್ರಕಾರ ಇಲ್ಲ.

ಇದನ್ನೆಲ್ಲ ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಮಾಡಬಹುದು. ನಿಜವಾದ ಕೋಡಿನ ಮೇಲೆ ಯಾರಾದರೂ ಮಾಡಿದ್ದಾರೆಯೇ? ಮಾಡಿದ್ದಾರೆ. ನನಗೆ ಬಹಳ ಇಷ್ಟವಾದ ಉದಾಹರಣೆ ಗಡಾರಾ ಎಂಬ ಯೋಜನೆ. ಮಿಶಿಗನ್ ವಿಶ್ವವಿದ್ಯಾಲಯದ ಯಿನ್ ವಾಂಗ್, ಸ್ಟೆಫಾನ್ ಲಫಾರ್ಟ್ಯೂನ್, ಎಚ್‌ಪಿ ಲ್ಯಾಬ್ಸ್‌ನ ಟೆರೆನ್ಸ್ ಕೆಲ್ಲಿ ಮತ್ತು ಸಂಗಡಿಗರು 2008ರಲ್ಲಿ ಓಎಸ್‌ಡಿಐ ಎಂಬ ಆಪರೇಟಿಂಗ್ ಸಿಸ್ಟಮ್ ಸಂಶೋಧಕರ ಸಮ್ಮೇಳನದಲ್ಲಿ ಮಂಡಿಸಿದ್ದು. ಸಮಸ್ಯೆ ಹಳೆಯದು: ಡೆಡ್‌ಲಾಕ್. ಪ್ರೋಗ್ರಾಮಿನೊಳಗೆ ಒಟ್ಟೊಟ್ಟಿಗೆ ಓಡುವ ಕೆಲಸದ ಎಳೆಗಳಿಗೆ ಥ್ರೆಡ್ ಎನ್ನುತ್ತಾರೆ. ಒಂದು ಥ್ರೆಡ್ ಎ ಲಾಕ್ ಹಿಡಿದು ಬಿ ಕೇಳುತ್ತದೆ, ಇನ್ನೊಂದು ಬಿ ಹಿಡಿದು ಎ ಕೇಳುತ್ತದೆ. ನೀನು ಬಿಡು, ನೀನು ಬಿಡು. ಯಾರೂ ಬಿಡುವುದಿಲ್ಲ.

ಇದಕ್ಕೆ ನಮ್ಮ ರೂಢಿಯ ಮದ್ದು ಎಲ್ಲರೂ ಲಾಕ್‌ಗಳನ್ನು ಒಂದೇ ಕ್ರಮದಲ್ಲಿ ಹಿಡಿಯಿರಿ ಎಂಬ ನಿಯಮ. ಹತ್ತು ಜನರ ತಂಡದಲ್ಲಿ ನಡೆಯುತ್ತದೆ. ಕೋಡ್ ಲಕ್ಷ ಸಾಲು ದಾಟಿ, ಮೊದಲು ಬರೆದವರೆಲ್ಲ ಬೇರೆ ಕಂಪನಿ ಸೇರಿದ ಮೇಲೆ ಯಾವ ಕ್ರಮ ಎಂದು ಯಾರಿಗೆ ನೆನಪಿರುತ್ತದೆ? ಗಡಾರಾ ತಂಡ ಪರೀಕ್ಷಿಸಿದ ಓಪನ್‌ಎಲ್‌ಡ್ಯಾಪ್ ಎಂಬ ಸರ್ವರ್ ಪ್ರೋಗ್ರಾಮಿನಲ್ಲಿ ಇಂಥ ಒಂದು ಡೆಡ್‌ಲಾಕ್ ಇತ್ತು. ಒಂದು ಆವೃತ್ತಿಯಲ್ಲಿ ಸರಿ ಮಾಡಿದ್ದರು. ಮುಂದೆ ಹೊಸ ಕೋಡ್ ಸೇರಿಸಿದಾಗ ಅದೇ ದೋಷ ಮರಳಿ ಬಂತು. ಓದಿದಾಗ ನನಗೆ ಒಂಥರಾ ಸಮಾಧಾನವಾಯಿತು, ನಮ್ಮ ಮನೆಯ ದೋಸೆ ಮಾತ್ರ ತೂತಲ್ಲ ಎಂದು.

ಗಡಾರಾ ಮಾಡುವುದು ಇಷ್ಟು. ಸಿ ಪ್ರೋಗ್ರಾಮನ್ನು ಕಂಪೈಲ್ ಮಾಡುವಾಗಲೇ ಅದರ ಹರಿವಿನ ನಕ್ಷೆ ತೆಗೆದು ಪೆಟ್ರಿ ನೆಟ್ ಆಗಿ ಬದಲಾಯಿಸುತ್ತದೆ. ಪೆಟ್ರಿ ನೆಟ್ ಎಂದರೆ ಕಾರ್ಲ್ ಆಡಮ್ ಪೆಟ್ರಿ ಎಂಬ ಜರ್ಮನ್ ವಿದ್ವಾಂಸರು 1962ರ ತಮ್ಮ ಪ್ರಬಂಧದಲ್ಲಿ ಅಡಿಪಾಯ ಹಾಕಿದ ಚಿತ್ರಭಾಷೆ. ಚೌಕಾಬಾರದ ಮನೆಗಳಂತೆ ತಾಣಗಳು, ಅವುಗಳ ಮೇಲೆ ಕಾಯಿಗಳು. ಥ್ರೆಡ್ ಒಂದು ಕಾಯಿ, ಬಿಡುವಾಗಿರುವ ಲಾಕ್ ಒಂದು ಕಾಯಿ. ಲಾಕ್ ಹಿಡಿದರೆ ಆ ಕಾಯಿ ತಾಣದಿಂದ ಎದ್ದುಹೋಗುತ್ತದೆ, ಬಿಟ್ಟರೆ ಮರಳುತ್ತದೆ. ಈ ಚಿತ್ರದಲ್ಲಿ ಸೈಫನ್ ಎಂಬ ತಾಣಗಳ ಗುಂಪುಗಳಿರುತ್ತವೆ. ಒಮ್ಮೆ ಪೂರ್ತಿ ಬರಿದಾದರೆ ಮತ್ತೆಂದೂ ತುಂಬದ ಕೊಳಗಳು. ಇಂಥ ಪ್ರೋಗ್ರಾಮುಗಳಲ್ಲಿ ಡೆಡ್‌ಲಾಕ್ ಆಗುವುದೆಂದರೆ ಎಲ್ಲೋ ಒಂದು ಸೈಫನ್ ಬರಿದಾಯಿತು ಎಂದೇ. ಆದ್ದರಿಂದ ಗಡಾರಾ ಅಪಾಯದ ಸೈಫನ್‌ಗಳನ್ನು ಹುಡುಕಿ, ಅವು ಬರಿದಾಗದಂತೆ ಹೊಸ ಕಾವಲು ತಾಣವೊಂದನ್ನು ಚಿತ್ರಕ್ಕೆ ಸೇರಿಸಿ, ಆ ತಾಣವನ್ನು ಮರಳಿ ಕೋಡಾಗಿ ಮಾಡಿ ಪ್ರೋಗ್ರಾಮಿನೊಳಗೆ ಹೊಲಿದುಬಿಡುತ್ತದೆ. ಪ್ರೋಗ್ರಾಂ ಓಡುವಾಗ ಉಳಿಯುವುದು ಸಣ್ಣದೊಂದು ತಪಾಸಣೆ. ಡೆಡ್‌ಲಾಕ್ ತಪ್ಪಿಸುವ ಡೈಕ್‌ಸ್ಟ್ರಾ ಅವರ ಬ್ಯಾಂಕರ್ಸ್ ಅಲ್ಗಾರಿದಮ್ ಕಾಲೇಜಿನಲ್ಲಿ ಓದಿರುತ್ತೀರಿ; ಅದರಲ್ಲಿ ಪ್ರತಿ ಕೋರಿಕೆಗೂ ಓಡುವ ಹೊತ್ತಿನಲ್ಲೇ ಲೆಕ್ಕ. ಇಲ್ಲಿ ಭಾರದ ಲೆಕ್ಕವೆಲ್ಲ ಮೊದಲೇ ಮುಗಿದಿರುತ್ತದೆ.

ಈಗ ಆ ಎರಡು ರಾಶಿಗಳಿಗೆ ಬನ್ನಿ. ಲಾಕ್ ಹಿಡಿಯುವುದನ್ನು ತಡೆಯಬಹುದು, ಸ್ವಲ್ಪ ಕಾಯಿಸಿದರಾಯಿತು. ಹಾಗಾದರೆ ಇಫ್-ಎಲ್ಸ್? ನಮ್ಮದೇ ಕೋಡ್, ನಮ್ಮದೇ ಷರತ್ತು. ಆದರೂ ಗಡಾರಾ ಅದನ್ನು ತಡೆಯಲಾಗದ ರಾಶಿಗೆ ಹಾಕುತ್ತದೆ. ಕವಲಿನಲ್ಲಿ ಪ್ರೋಗ್ರಾಂ ಎಡಕ್ಕೆ ಹೋಗುತ್ತದೋ ಬಲಕ್ಕೋ ಎಂಬುದನ್ನು ನಿರ್ಧರಿಸುವುದು ಡೇಟಾ, ಮೇಲ್ವಿಚಾರಕ ಅದನ್ನು ಎಡಕ್ಕೆ ಎಳೆದರೆ ಪ್ರೋಗ್ರಾಮಿನ ಅರ್ಥವೇ ಕೆಟ್ಟಿತು. ಈ ಸಾಲು ಓದಿದ ದಿನ ನಾನು ಪುಸ್ತಕ ಮುಚ್ಚಿಟ್ಟು ಟೀ ಕುಡಿಯಲು ಹೋದೆ. ಒಂದು ಥ್ರೆಡ್ ಎ ಹಿಡಿದು, ಆಮೇಲೆ ಷರತ್ತು ನೋಡಿ, ನಿಜವಾದರೆ ಮಾತ್ರ ಬಿ ಹಿಡಿಯುತ್ತದೆ ಎನ್ನಿ. ಬಿ ಬೇಕಾಗುತ್ತದೋ ಇಲ್ಲವೋ ಎಂದು ಕವಲು ದಾಟುವ ತನಕ ತಿಳಿಯದು. ಕವಲು ದಾಟಿದ ಮೇಲೆ ತಡೆದರೆ ಅದು ಎ ಹಿಡಿದೇ ಕೂತಿರುತ್ತದೆ, ತಡೆದು ಪ್ರಯೋಜನವಿಲ್ಲ. ಹಾಗಾಗಿ ಇನ್ನೊಂದು ಥ್ರೆಡ್ ಬಿ ಹಿಡಿದು ಎ ಕೇಳುವ ದಾರಿಯಲ್ಲಿದೆ ಎಂದರೆ ಇದನ್ನು ಎ ಹಿಡಿಯುವ ಮೊದಲೇ ಕಾಯಿಸಬೇಕು. ಬೆಕ್ಕಿನ ಏಳನೇ ಬಾಗಿಲು ನಮ್ಮದೇ ಇಫ್ ಸಾಲಿನಲ್ಲಿ ಕೂತಿತ್ತು.

ಇದಕ್ಕೊಂದು ಹುಳುಕೂ ಇದೆ. ಗಡಾರಾ ಡೇಟಾ ನೋಡುವುದಿಲ್ಲ. ಒಂದು ಫಂಕ್ಷನ್‌ನ ಮೇಲುಗಡೆ, ಎಕ್ಸ್ ನಿಜವಾದರೆ ಲಾಕ್ ಹಿಡಿ ಎಂದಿದೆ, ಕೆಳಗಡೆ ಅದೇ ಎಕ್ಸ್ ನಿಜವಾದರೆ ಬಿಡು ಎಂದಿದೆ. ಎರಡೂ ಎಕ್ಸ್ ಒಂದೇ ಎಂದು ನಮಗೆ ಗೊತ್ತು, ಮಾದರಿಗೆ ಗೊತ್ತಿಲ್ಲ. ಹಿಡಿದು ಬಿಡದೆ ಹೋಗುವ ದಾರಿಯೂ ಇದೆ ಎಂದು ಅದು ಹೆದರುತ್ತದೆ. ಆಗ ಪ್ರೋಗ್ರಾಮರ್ ಬಂದು, ಇಲ್ಲಪ್ಪ, ಇಲ್ಲಿಗೆ ಬರುವಷ್ಟರಲ್ಲಿ ಲಾಕ್ ಬಿಟ್ಟಿರುತ್ತದೆ ಎಂದು ಗುರುತು ಹಾಕಬೇಕು. ಯಂತ್ರಕ್ಕೆ ಮನುಷ್ಯ ಧೈರ್ಯ ಹೇಳುವ ಅಪರೂಪದ ಸಂದರ್ಭ.

ಇಷ್ಟು ಚೆನ್ನಾಗಿದ್ದರೆ ನಾವೆಲ್ಲ ಯಾಕೆ ಬಳಸುತ್ತಿಲ್ಲ? ಬಳಸುತ್ತಿರುವವರು ಯಾರು ನೋಡಿ. ನೆದರ್ಲೆಂಡ್ಸ್‌ನ ಐಂಡ್‌ಹೋವನ್ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಇದರ ದೊಡ್ಡ ಪರಂಪರೆಯೇ ಇದೆ. ಅಲ್ಲಿ ಬೆಳೆದ ಸಿಐಎಫ್ ಎಂಬ ಉಪಕರಣ ಈಗ ಎಕ್ಲಿಪ್ಸ್ ಎಂಬ ಮುಕ್ತ ತಂತ್ರಾಂಶ ಸಂಸ್ಥೆಯ ಆಶ್ರಯದಲ್ಲಿ ಮುಕ್ತವಾಗಿ ಸಿಗುತ್ತದೆ. ಎಂಆರ್‌ಐ ಯಂತ್ರದೊಳಕ್ಕೆ ರೋಗಿಯನ್ನು ಸರಿಸುವ ಮೇಜಿನ ಮೇಲೆ ಪ್ರಯೋಗ ಮಾಡಿದರು. ಆ ದೇಶದ ಜಲಮಾರ್ಗ, ಹೆದ್ದಾರಿಗಳನ್ನು ನೋಡಿಕೊಳ್ಳುವ ರೈಕ್ಸ್‌ವಾಟರ್‌ಸ್ಟಾಟ್ ಇಲಾಖೆಯ ಜೊತೆ ಸೇರಿ ತೆರೆಯುವ ಸೇತುವೆ, ಸುರಂಗ, ಕಾಲುವೆಯಲ್ಲಿ ದೋಣಿಗಳನ್ನು ಒಂದು ಮಟ್ಟದ ನೀರಿನಿಂದ ಇನ್ನೊಂದಕ್ಕೆ ದಾಟಿಸುವ ನೀರುಕೋಣೆ, ಇವುಗಳ ಮೇಲೆ ಕೆಲಸ ಮಾಡಿದರು. ಟಿಲ್‌ಬರ್ಗ್ ಊರಿನ ನೀರುಕೋಣೆ ಅವುಗಳಲ್ಲೊಂದು. ಎರಡೂ ಬದಿಯ ಕದಗಳು ಒಟ್ಟಿಗೆ ತೆರೆಯಬಾರದು ಎಂಬುದು ಅಲ್ಲಿನ ನಿಯಮ. ನೋಡಿ, ಮತ್ತೆ ಬೆಕ್ಕು-ಇಲಿ. ಅವರಿಗೆ ಒಗ್ಗಿದ್ದು ನಮಗೆ ಒಗ್ಗದಿರಲು ಮುಖ್ಯ ಕಾರಣ, ನನ್ನ ಮಟ್ಟಿಗೆ, ಕಾಲುವೆಯ ಕದ ಎರಡು ವಾರಕ್ಕೊಮ್ಮೆ ಸ್ಪ್ರಿಂಟ್ ಮುಗಿದಾಗ ಬದಲಾಗುವುದಿಲ್ಲ. ಪ್ಲಾಂಟ್‌ನ ಚಿತ್ರ ಒಮ್ಮೆ ಬರೆದರೆ ಬಾಳುತ್ತದೆ. ನಮ್ಮಲ್ಲಿ ಚಿತ್ರ ಒಣಗುವ ಮೊದಲೇ ಮನೆ ಬದಲಾಗಿರುತ್ತದೆ.

ಇನ್ನೊಂದು ಕಾರಣ ಗಾತ್ರ. ಹತ್ತು ಸ್ಥಿತಿಗಳ ಹತ್ತು ಬಿಡಿಭಾಗಗಳನ್ನು ಜೋಡಿಸಿದರೆ ಒಟ್ಟು ಸ್ಥಿತಿಗಳು 1000 ಕೋಟಿಯವರೆಗೆ ಹೋಗಬಹುದು. ಹಂಚಿ ಲೆಕ್ಕ ಹಾಕುವ, ಸಂಕ್ಷೇಪಿಸುವ ಉಪಾಯಗಳು ಬಂದಿವೆ, ಅವನ್ನು ಇಲ್ಲಿ ಬಿಡುತ್ತೇನೆ. ಮೂರನೆಯದು ಮೈಕ್ರೋಸರ್ವೀಸ್‌ನವರಿಗೆ, ಅಂದರೆ ಒಂದೇ ಸಾಫ್ಟ್‌ವೇರನ್ನು ಸಣ್ಣ ಸಣ್ಣ ಬಿಡಿ ಸರ್ವೀಸ್‌ಗಳಾಗಿ ಒಡೆದು ಕಟ್ಟುವವರಿಗೆ, ನೋವಾಗುವಂಥದ್ದು. ಇಲ್ಲಿಯವರೆಗಿನ ಮೇಲ್ವಿಚಾರಕ ನಡೆದದ್ದನ್ನೆಲ್ಲ ನೋಡಬಲ್ಲವನಾಗಿದ್ದ. ಇಬ್ಬರು ಮೇಲ್ವಿಚಾರಕರಿದ್ದು, ಒಬ್ಬೊಬ್ಬರಿಗೂ ಘಟನೆಗಳ ಒಂದು ಪಾಲು ಮಾತ್ರ ಕಾಣುತ್ತಿದ್ದು, ತಮ್ಮತಮ್ಮಲ್ಲಿ ಮಾತುಕತೆ ಇಲ್ಲ ಎಂದಾದರೆ, ನಿಯಮ ಮುರಿಯದೆ ಎಲ್ಲೂ ಸಿಕ್ಕಿಕೊಳ್ಳದೆ ನಡೆಸಬಲ್ಲ ಅಂಥ ಜೋಡಿ ಇದೆಯೋ ಇಲ್ಲವೋ ಎಂದು ಹೇಳಬಲ್ಲ ಅಲ್ಗಾರಿದಮ್ಮೇ ಸಾಧ್ಯವಿಲ್ಲ. ನಿಧಾನದ ಪ್ರಶ್ನೆಯಲ್ಲ, ಇಲ್ಲವೇ ಇಲ್ಲ. ಸಾಬೀತಾದ ಸಂಗತಿ. ನಿಮ್ಮ ಎರಡು ಸರ್ವೀಸ್‌ಗಳು ಪರಸ್ಪರ ಏನನ್ನೂ ಹೇಳಿಕೊಳ್ಳದೆ ತಾವೇ ಹೊಂದಿಕೊಂಡು ಹೋಗುತ್ತವೆ ಎಂದು ಯಾರಾದರೂ ಡಿಸೈನ್ ಮೀಟಿಂಗ್‌ನಲ್ಲಿ ಹೇಳಿದರೆ ಇದನ್ನು ನೆನಪಿಸಿ.

ಮಾತು ಮುಗಿದ ಮೇಲೆ ಬಂದ ಪ್ರಶ್ನೆಗಳಲ್ಲಿ ಮೂರನ್ನು ಇಲ್ಲಿ ಕೊಡುತ್ತೇನೆ.

ಇದು ಮಾಡೆಲ್ ಚೆಕಿಂಗ್ ಅಲ್ಲವೇ, ಟಿಎಲ್‌ಎ ಪ್ಲಸ್ ಇದನ್ನೇ ಮಾಡುತ್ತದಲ್ಲ ಎಂದು ಒಬ್ಬರು ಕೇಳಿದರು. ಟಿಎಲ್‌ಎ ಪ್ಲಸ್ ಎಂದರೆ ವ್ಯವಸ್ಥೆಯ ವಿನ್ಯಾಸವನ್ನು ಗಣಿತದಲ್ಲಿ ಬರೆದು ಇಂಥ ಚೆಕ್ಕರ್‌ಗೆ ಕೊಡುವ ಭಾಷೆ. ಹತ್ತಿರದ ನೆಂಟರು, ಆದರೆ ಒಂದೇ ಮನೆಯವರಲ್ಲ. ಚೆಕ್ಕರ್ ನೀವು ಬರೆದದ್ದನ್ನು ಓದಿ, ಇಗೋ ಇಲ್ಲಿ ತಪ್ಪುತ್ತದೆ ಎಂದು ಬೆರಳಿಡುತ್ತದೆ. ನೀವು ತಿದ್ದುತ್ತೀರಿ, ಅದು ಮತ್ತೆ ಬೆರಳಿಡುತ್ತದೆ. ಸಿಂಥೆಸಿಸ್, ಅಂದರೆ ಮೇಲ್ವಿಚಾರಕನನ್ನು ಲೆಕ್ಕ ಹಾಕಿ ಕೊಡುವ ನಮ್ಮ ಈ ವಿಧಾನ, ಸರಿಯಾದದ್ದನ್ನೇ ಕಟ್ಟಿ ಕೊಡುತ್ತದೆ, ಅಥವಾ ಕಟ್ಟಲು ಆಗದು ಎನ್ನುತ್ತದೆ. ಆಗದು ಎಂಬ ಉತ್ತರ ಚೆಕ್ಕರ್‌ನಿಂದ ಎಂದೂ ಸಿಗುವುದಿಲ್ಲ, ನೀವು ತಿದ್ದುತ್ತಲೇ ಇರುತ್ತೀರಿ. ಆದರೆ ಸಿಂಥೆಸಿಸ್ ಕಟ್ಟಿದ ಮೇಲ್ವಿಚಾರಕನನ್ನು ಓದಿ ಅರ್ಥಮಾಡಿಕೊಳ್ಳುವುದು ಕಷ್ಟ. ಕೋಡ್ ರಿವ್ಯೂನಲ್ಲಿ ಇದು ಯಾಕೆ ಹೀಗಿದೆ ಎಂದು ಕೇಳಿದರೆ, ಲೆಕ್ಕ ಹಾಗೆ ಬಂತು ಎನ್ನಬೇಕಾಗುತ್ತದೆ. ದೈನಂದಿನ ಕೆಲಸಕ್ಕೆ ನಾನು ಚೆಕ್ಕರನ್ನೇ ಹೆಚ್ಚು ಬಳಸುತ್ತೇನೆ.

ಎಐ ಏಜೆಂಟ್‌ಗಳಿಗೆ ಇದು ಒಗ್ಗುತ್ತದೆಯೇ ಎಂದು ಹಿಂದಿನ ಸಾಲಿನ ಹುಡುಗಿಯೊಬ್ಬಳು ಕೇಳಿದಳು. ಏಜೆಂಟ್ ಏನು ಮಾಡಹೊರಡುತ್ತದೆ ಎಂಬುದು ತಡೆಯಲಾಗದ್ದು, ಅದರ ತಲೆಯೊಳಗೆ ಚಿಲಕ ಹಾಕಲಾರೆವು. ಆದರೆ ಅದು ಫೈಲ್ ಅಳಿಸಬೇಕಾದರೆ, ಕಮಾಂಡ್ ಓಡಿಸಬೇಕಾದರೆ ನಮ್ಮ ಕೈದಾಟಿಯೇ ಹೋಗಬೇಕು, ಅದು ತಡೆಯಬಲ್ಲದ್ದು. ಕಷ್ಟ ಇರುವುದು ನಡುವೆ. ಒಂದು ಸ್ಕ್ರಿಪ್ಟ್ ಬರೆಯಲು ಬಿಟ್ಟೆವು, ಓಡಿಸಲು ಬಿಟ್ಟೆವು. ಆ ಸ್ಕ್ರಿಪ್ಟಿನ ಒಳಗೆ ನಡೆಯುವ ಯಾವುದೂ ಆಮೇಲೆ ನಮ್ಮ ಬಾಗಿಲಿಗೆ ಬರುವುದಿಲ್ಲ. ಪ್ರತಿ ಸಲ ಒಪ್ಪಿಗೆ ಕೇಳುವ ಪೆಟ್ಟಿಗೆ ತೋರಿಸುವುದಕ್ಕಿಂತ, ಯಾವ ಒಂದು ಒಪ್ಪಿಗೆ ಕೊಟ್ಟ ಮೇಲೆ ಮಿಕ್ಕವೆಲ್ಲ ತಡೆಯಲಾಗದವಾಗುತ್ತವೆ ಎಂದು ಹುಡುಕಿ ಅಲ್ಲಿ ಮಾತ್ರ ಕೇಳಿ ಎಂದೆ.

ಕೊನೆಯ ಪ್ರಶ್ನೆ ಪಕ್ಕದಲ್ಲೇ ಕೂತಿದ್ದ ಹಿರಿಯರದು. ಆ ಟಿಕೆಟ್ ಕಂಪನಿಯಲ್ಲಿ ಆಮೇಲೆ ಏನಾಯಿತು?

ಹೇಳಿದೆ. ಗ್ರಾಹಕರ ಫೋನ್ ಎತ್ತುತ್ತಿದ್ದ ಒಬ್ಬ ಮಹಿಳೆಯ ಮೇಜಿನ ಮೇಲೆ ಒಂದು ಉದ್ದನೆಯ ನೋಟ್‌ಬುಕ್ ಇತ್ತು. ಎರಡನೇ ಸಲ ಹಾಗಾದ ಮೇಲೆ ಒಂದು ಮಧ್ಯಾಹ್ನ ದೂರುಗಳ ಲೆಕ್ಕ ಕೇಳಲು ಅವರ ಬಳಿ ಹೋದಾಗ ಅದನ್ನು ನೋಡಿದೆ. ಪ್ರತಿ ಸಾಲಿನಲ್ಲಿ ಆರ್ಡರ್ ಸಂಖ್ಯೆ, ಗಂಟೆ, ಪಕ್ಕದಲ್ಲಿ ಒಂದು ಗುರುತು. ಹಣ ಬಂದಿದ್ದರೆ ಟಿಕ್, ಬಂದಿಲ್ಲವಾದರೆ ಇಂಟು. ಕೆಲವು ಸಾಲುಗಳ ಮುಂದೆ ಪ್ರಶ್ನಾರ್ಥಕ ಚಿಹ್ನೆ. ಅದೇನು ಎಂದು ಕೇಳಿದೆ. ಬ್ಯಾಂಕಿನವರಿಗೆ ಫೋನ್ ಮಾಡಿ ವಿಚಾರಿಸುವ ತನಕ ಇವರಿಗೆ ಮತ್ತೆ ಒತ್ತಿ ಅಂತ ಹೇಳಲ್ಲ ಸರ್, ಎಂದರು. ನಮ್ಮ ಡೇಟಾಬೇಸಿನ ಆ ಕಾಲಮ್‌ನಲ್ಲಿ ಯಶಸ್ವಿ, ವಿಫಲ ಎಂಬ ಎರಡೇ ಮಾತುಗಳಿದ್ದವು. ಮರುವಾರ ಮೂರನೆಯದನ್ನು ಸೇರಿಸಿದೆವು. ಅದಕ್ಕೆ ಏನು ಹೆಸರಿಡಬೇಕು ಎಂದು ಎಂಜಿನಿಯರುಗಳು ಅರ್ಧ ಗಂಟೆ ಜಗಳವಾಡಿದ್ದು ಬೇರೆ ಕಥೆ.